ತಡೆದು ಹೊಡೆಯುವ ಹೊಡೆತ: ಸ್ಕ್ವಾಷ್‌ನಲ್ಲಿ ಕಣ್ಕಟ್ಟು ಎಲ್ಲಿ ಫಲಿಸುತ್ತದೆ, ಎಲ್ಲಿ ಕೈಕೊಡುತ್ತದೆ?

ಪ್ರಶ್ನೆ: ನಾಲ್ಕು ವರ್ಷಗಳಿಂದ ಸ್ಕ್ವಾಷ್ ಆಡುತ್ತಿದ್ದೇನೆ. ಮುಂಗೋಡೆಯ ಬಳಿಯೇ ಮೆಲ್ಲಗೆ ಬೀಳಿಸುವ ಡ್ರಾಪ್ ಆಡುವಂತೆ ತೋರಿಸಿ ಮಣಿಕಟ್ಟಿನಿಂದ ಕ್ರಾಸ್‌ಕೋರ್ಟ್‌ಗೆ, ಅಂದರೆ ಕೋರ್ಟಿನ ಆಚೆ ಬದಿಗೆ ಓರೆಯಾಗಿ, ಚಿಮ್ಮಿಸುವುದನ್ನೂ ಹೊಡೆತವನ್ನು ಒಂದು ಕ್ಷಣ ತಡೆದು ಹೊಡೆಯುವುದನ್ನೂ ರೂಢಿಸಿಕೊಂಡಿದ್ದೇನೆ. ನನಗಿಂತ ಕೆಳಗಿನವರ ಮೇಲೆ ಇವು ಸೊಗಸಾಗಿ ನಡೆಯುತ್ತವೆ. ಸಮಬಲದವರು ಅಥವಾ ಮೇಲಿನವರು ಎದುರಾದರೆ ಅವರು ಅಲುಗಾಡುವುದೇ ಇಲ್ಲ; ಚೆಂಡು ಅವರ ರ‍್ಯಾಕೆಟ್‌ಗೇ ಹೋಗುತ್ತದೆ, ಇಲ್ಲವೇ ಮುಂಗೋಡೆಯ ಬುಡದಲ್ಲಿರುವ, ತಾಗಿದರೆ ಅಂಕ ಕಳೆಯುವ ಟಿನ್‌ಗೆ ಬಡಿಯುತ್ತದೆ. ಇದನ್ನು ಯಾವಾಗ ಬಳಸಬೇಕು, ಹೇಗೆ ಅಭ್ಯಾಸ ಮಾಡಬೇಕು? ಇನ್ನೊಂದು ಸಂಗತಿ: ಕಳೆದ ಪಂದ್ಯದಲ್ಲಿ ನಾನು ಹೀಗೆ ತಡೆದು ನೇರ ಡ್ರಾಪ್ ಆಡಿದಾಗ ಎದುರಾಳಿ ನನ್ನ ಬೆನ್ನಿಗೆ ಬಂದು ನಿಂತ, ರೆಫರಿ ಅವನಿಗೆ ಸ್ಟ್ರೋಕ್, ಅಂದರೆ ನೇರವಾಗಿ ಅಂಕ, ಕೊಟ್ಟರು. ಅದು ಸರಿಯೇ?

ಉತ್ತರ: ಎದುರಾಳಿ ಅಲುಗಾಡುವುದೇ ಇಲ್ಲ ಎಂದು ನೀವು ಬರೆದಿರುವ ಮಾತಿನಿಂದ ಆರಂಭಿಸುತ್ತೇನೆ. ಅದನ್ನು ನೀವು ಕಣ್ಕಟ್ಟು ಸೋತದ್ದರ ಲಕ್ಷಣವೆಂದು ಭಾವಿಸಿದ್ದೀರಿ. ನನಗೆ ಅದು ಅರ್ಧ ಕೆಲಸ ಮುಗಿದದ್ದರ ಲಕ್ಷಣವಾಗಿ ಕಾಣುತ್ತದೆ. ಹೀಗೆ ತಡೆದು ಹೊಡೆಯುವ, ಆಟಗಾರರು ಹೋಲ್ಡ್ ಎಂದು ಕರೆಯುವ ಈ ಕೌಶಲದ ಉದ್ದೇಶ ಎದುರಾಳಿಯನ್ನು ತಪ್ಪು ದಿಕ್ಕಿಗೆ ಓಡಿಸುವುದು ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ತಪ್ಪು ದಿಕ್ಕಿಗೆ ಓಡುವವನು ಸಾಮಾನ್ಯವಾಗಿ ಅನುಭವ ಸಾಲದ ಆಟಗಾರ; ಅನುಭವಿಯಾದವನು ಓಡುವುದಿಲ್ಲ, ನಿಲ್ಲುತ್ತಾನೆ. ಹಾಗೆ ಅವನು ನಿಂತ ಕ್ಷಣದಲ್ಲಿ ನೀವು ಚೆಂಡನ್ನು ಕ್ರಾಸ್‌ಕೋರ್ಟ್‌ಗೆ ಚಿಮ್ಮಿಸಿದರೆ, ಕೋರ್ಟಿನ ನಡುಭಾಗವನ್ನು ದಾಟಿಯೇ ಹೋಗಬೇಕಾದ ಆ ಚೆಂಡು ನಿಂತವನ ಕೈಗೇ ಸಿಗುತ್ತದೆ. ಅದೇ ಕ್ಷಣದಲ್ಲಿ ಪಕ್ಕದ ಗೋಡೆಗೆ ಒತ್ತಿಕೊಂಡು ಹೋಗುವ ಒಂದು ಸಾದಾ ನೇರ ಡ್ರೈವ್ ಅನ್ನೋ ಸಾದಾ ಡ್ರಾಪ್ ಅನ್ನೋ ಆಡಿದ್ದರೆ, ಅವನು ನಿಂತಲ್ಲಿಂದ ಹೊಸದಾಗಿ ಹೊರಡಬೇಕಾಗುತ್ತಿತ್ತು. ತಡೆದದ್ದೇ ಒಂದು ಚಮತ್ಕಾರ. ಅದರ ಮೇಲೆ ಮತ್ತೊಂದನ್ನು ಹೇರುವುದರಿಂದಲೇ ನಿಮ್ಮ ತೊಂದರೆ ಹುಟ್ಟುತ್ತಿದೆ ಎಂದು ನನ್ನ ಅನುಮಾನ.

ಇದು ಏಕೆ ಹೀಗೆ ಎಂಬುದು ಎದುರಾಳಿಯ ಪಾದಗಳನ್ನು ನೋಡಿದರೆ ತಿಳಿಯುತ್ತದೆ. ಅವನು ನಿಲ್ಲುವ ಟಿ, ಅಂದರೆ ಕೋರ್ಟಿನ ನಡುವೆ ನೆಲದ ಗೆರೆಗಳು ಕೂಡುವ ಜಾಗ, ಮುಂಗೋಡೆಯಿಂದ 5.44 ಮೀಟರ್, ಹಿಂಗೋಡೆಯಿಂದ 4.26 ಮೀಟರ್, ಎರಡೂ ಪಕ್ಕದ ಗೋಡೆಗಳಿಂದ 3.2 ಮೀಟರ್ ದೂರದಲ್ಲಿದೆ. ಅಲ್ಲಿಂದ ನಾಲ್ಕು ಮೂಲೆಗಳಲ್ಲಿ ಯಾವುದಕ್ಕಾದರೂ ಸಕಾಲದಲ್ಲಿ ತಲುಪಬೇಕಾದರೆ, ನೀವು ಚೆಂಡನ್ನು ಹೊಡೆಯುವ ಹೊತ್ತಿಗೆ ಸರಿಯಾಗಿ ಅವನು ಪಾದಗಳನ್ನು ಅಗಲಿಸಿ ಒಂದು ಪುಟ್ಟ ನೆಗೆತ ನೆಗೆಯುತ್ತಾನೆ. ಚೆಂಡಿನ ದಿಕ್ಕು ಗೋಚರಿಸುವಷ್ಟರಲ್ಲಿ ನೆಲಕ್ಕಿಳಿದು, ಬಗ್ಗಿದ ಮೊಣಕಾಲಿನಲ್ಲಿ ಸೇರಿಕೊಂಡ ಬಲವನ್ನು ಹೊರಡಲು ಬಳಸಿಕೊಳ್ಳುತ್ತಾನೆ. ಸ್ಪ್ಲಿಟ್ ಸ್ಟೆಪ್ ಎಂದು ಎಲ್ಲ ತರಬೇತುದಾರರೂ ಕಲಿಸುವುದು ಇದನ್ನೇ. ಆ ನೆಗೆತದ ವೇಳೆಯನ್ನು ಅವನು ನಿಮ್ಮ ರ‍್ಯಾಕೆಟ್ ನೋಡಿ ನಿರ್ಧರಿಸುತ್ತಾನೆ. ನೀವು ಹೊಡೆಯುತ್ತೀರೆಂದು ಅವನ ದೇಹ ಲೆಕ್ಕ ಹಾಕಿದ ಕ್ಷಣದಲ್ಲಿ ನೀವು ಹೊಡೆಯದಿದ್ದರೆ ಅವನು ನೆಲಕ್ಕಿಳಿಯುತ್ತಾನೆ, ಮೊಣಕಾಲಿನ ಸ್ಪ್ರಿಂಗ್ ಸುಮ್ಮನೆ ಸಡಿಲವಾಗುತ್ತದೆ, ಹಿಮ್ಮಡಿ ನೆಲಕ್ಕೆ ತಾಗುತ್ತದೆ. ಈಗ ನೀವು ಹೊಡೆದರೆ ಅವನು ಸತ್ತ ಕಾಲುಗಳಿಂದ ಹೊರಡಬೇಕು. ಕಣ್ಣಿಗೆ ಬಿದ್ದದ್ದಕ್ಕೆ ಮನುಷ್ಯನ ದೇಹ ಪ್ರತಿಕ್ರಿಯಿಸಲು ಹೇಗೂ ಸುಮಾರು 0.2 ಸೆಕೆಂಡ್ ಬೇಕು. ಹುಸಿಯಾದ ನೆಗೆತ ಅದರ ಮೇಲೆ ಮತ್ತಷ್ಟು ವಿಳಂಬವನ್ನು ಸೇರಿಸುತ್ತದೆ. ಅವನು ಚೆಂಡನ್ನು ತಲುಪಿಯೇ ಬಿಡಬಹುದು. ಆದರೂ ಇಂಥ ಹತ್ತು ಹೊರಡುವಿಕೆಗಳು ತೊಡೆಗಳಿಂದ ವಸೂಲು ಮಾಡುವ ದಂಡ ಮೂರನೇ ಗೇಮ್‌ನ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ. ಹೋಲ್ಡ್‌ನಿಂದ ಅಂಕ ಬಂತೇ ಎಂದು ಲೆಕ್ಕ ಹಾಕುವವರು ಈ ಆದಾಯವನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದೇ ಇಲ್ಲ.

ಈಗ ಟಿನ್‌ನ ವಿಚಾರ. ಇದಕ್ಕೆ ಕಾರಣ ಸರಳವಾದ ಭೌತಶಾಸ್ತ್ರದಲ್ಲಿದೆ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ. ನೆಲಕ್ಕೆ ಪುಟಿದ ಚೆಂಡು ತನ್ನ ಏರಿಕೆಯ ತುದಿಯನ್ನು ಮುಟ್ಟಿದ ಮೇಲೆ ಮೊದಲ 0.1 ಸೆಕೆಂಡಿನಲ್ಲಿ ಕೇವಲ 5 ಸೆಂಟಿಮೀಟರ್ ಇಳಿಯುತ್ತದೆ. 0.2 ಸೆಕೆಂಡಿಗೆ ಅದು 20 ಸೆಂಟಿಮೀಟರ್ ಇಳಿದಿರುತ್ತದೆ, 0.3 ಸೆಕೆಂಡಿಗೆ ಸುಮಾರು 44 ಸೆಂಟಿಮೀಟರ್. ಮೇಲಕ್ಕೇರುವಾಗಲೂ ಇದೇ ಲೆಕ್ಕ ಹಿಂದುಮುಂದಾಗಿ ನಡೆಯುತ್ತದೆ. ಅಂದರೆ ತುದಿಗೆ ಮುಂಚಿನ 0.1 ಸೆಕೆಂಡ್ ಮತ್ತು ನಂತರದ 0.1 ಸೆಕೆಂಡ್ ಸೇರಿ ಒಟ್ಟು 0.2 ಸೆಕೆಂಡ್ ಕಾಲ ಚೆಂಡು 5 ಸೆಂಟಿಮೀಟರಿನ ಅಂತರದೊಳಗೆ ತೂಗಾಡುತ್ತಿರುತ್ತದೆ. ನೀವು ಚೆಂಡು ಇನ್ನೂ ಏರುತ್ತಿರುವಾಗಲೇ ಹೊಡೆಯಲು ಸಿದ್ಧರಾಗಿ ನಿಂತು, ಎದುರಾಳಿಗೆ ಈಗ ಹೊಡೆತ ಬಂತು ಎಂದು ತೋರುವಂತೆ ಮಾಡಿ, ತುದಿ ದಾಟಿದ ಮೇಲೆ ಹೊಡೆದರೆ, ಅವನ ಪ್ರತಿಕ್ರಿಯೆಯ ಇಡೀ ಕಾಲವನ್ನು ಎತ್ತರದಲ್ಲಿ ಏನನ್ನೂ ಕಳೆದುಕೊಳ್ಳದೆ ಕದ್ದಂತಾಯಿತು. ಇದಕ್ಕೆ ಬದಲಾಗಿ ತುದಿ ಮುಟ್ಟುವ ಹೊತ್ತಿಗೆ ಅವಸರದಿಂದ ಬಂದು, ಅಲ್ಲಿಂದ ತಡೆಯಲು ತೊಡಗಿದರೆ, 50 ಸೆಂಟಿಮೀಟರ್ ಎತ್ತರಕ್ಕೆ ಏರಿದ್ದ ಚೆಂಡು ನಿಮ್ಮ ರ‍್ಯಾಕೆಟ್‌ಗೆ ಸಿಗುವಾಗ 30 ಸೆಂಟಿಮೀಟರ್‌ಗೆ ಇಳಿದಿರುತ್ತದೆ. ಟಿನ್ ಇರುವುದು 48 ಸೆಂಟಿಮೀಟರ್ ಎತ್ತರಕ್ಕೆ. ವೃತ್ತಿಪರರ ಪಂದ್ಯಗಳಲ್ಲೂ 43 ಸೆಂಟಿಮೀಟರ್. ಈಗ ಪ್ರತಿಯೊಂದು ಹೊಡೆತವನ್ನೂ ಕೆಳಗಿನಿಂದ ಮೇಲಕ್ಕೆ ಎತ್ತಿಯೇ ಆಡಬೇಕು. ಹೀಗಾಗಿ ನೀವು ಹೊಡೆತವನ್ನು ತಡವಾಗಿ ಹೊಡೆಯುವುದನ್ನು ಕಲಿತಿದ್ದೀರಿ, ಬೇಗ ಸಿದ್ಧರಾಗುವುದನ್ನು ಕಲಿತಿಲ್ಲ ಎಂದು ನನಗೆ ಅನಿಸುತ್ತದೆ. ಟಿಯಿಂದ ನೋಡುವವನಿಗೆ ಎರಡೂ ಒಂದೇ ಅಲ್ಲ. ಮೊದಲನೆಯದರಲ್ಲಿ ಚೆಂಡು ತಗ್ಗಿದ್ದನ್ನು ಕಂಡು ಅವನು ನಿಮ್ಮ ಆಯ್ಕೆಗಳು ಮುಗಿದವೆಂದು ತಿಳಿದು ಒಂದು ಹೆಜ್ಜೆ ಮುಂದೆ ಬರುತ್ತಾನೆ.

ಮುಂದಿನ ಫೋರ್‌ಹ್ಯಾಂಡ್ ಮೂಲೆಯಲ್ಲಿ ಸರಿಯಾದ ಹೋಲ್ಡ್ ಹೇಗೆ ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಎದುರಾಳಿ ಹಿಂದಿನ ಮೂಲೆಯಿಂದ ಆಡಿದ ಬೋಸ್ಟ್, ಅಂದರೆ ಮೊದಲು ಪಕ್ಕದ ಗೋಡೆಗೆ ತಾಗಿ ಆಮೇಲೆ ಮುಂಗೋಡೆಗೆ ಹೋಗುವ ಹೊಡೆತ, ಪಕ್ಕದ ಗೋಡೆಯಿಂದ ತುಸು ಹೆಚ್ಚೇ ದೂರ ಬಂದು ಪುಟಿಯುತ್ತಿದೆ. ನೀವು ಕೊನೆಯ ಹೆಜ್ಜೆ ಇಡುವ ಮೊದಲೇ ರ‍್ಯಾಕೆಟ್ ಭುಜದ ಎತ್ತರದಲ್ಲಿದೆ, ಮಣಿಕಟ್ಟು ಹಿಂದಕ್ಕೆ ಬಾಗಿದೆ, ರ‍್ಯಾಕೆಟ್‌ನ ಮುಖ ತುಸು ತೆರೆದಿದೆ. ಮುಂಗಾಲು ನೆಲಕ್ಕೆ ಊರಿತು. ಚೆಂಡಿಗೂ ನಿಮಗೂ ನಡುವೆ ಕೈಯನ್ನು ಆರಾಮವಾಗಿ ಬಳಸುವಷ್ಟು ಜಾಗ ಉಳಿದಿದೆ. ಚೆಂಡು ಏರುತ್ತಿದೆ. ನಿಮ್ಮ ಭುಜ ಒಂದಿಷ್ಟು ಮುಂದಕ್ಕೆ ಸರಿಯಿತು, ರ‍್ಯಾಕೆಟ್ ಹೊರಡುವಂತೆ ಕಂಡಿತು, ಟಿಯಲ್ಲಿ ಎದುರಾಳಿಯ ಶೂ ನೆಲದಲ್ಲಿ ಕೀರಲು ದನಿ ಮಾಡಿತು. ಆ ಕೀರಲು ದನಿ ಕಿವಿಗೆ ಬಿದ್ದಾಗಲೂ ನಿಮ್ಮ ತಲೆ ಅಲುಗಾಡಿಲ್ಲ, ಬೆರಳುಗಳ ಹಿಡಿತ ಬಿಗಿಯಾಗಿಲ್ಲ. ಚೆಂಡು ತುದಿ ದಾಟಿ ಒಂದು ಬೆರಳಿನಷ್ಟು ಇಳಿದಾಗ, ಗೋಡೆಯ ಉದ್ದಕ್ಕೂ ನೇರವಾಗಿ, ಅವಸರವಿಲ್ಲದೆ, ಚೆಂಡು ಹಿಂದಿನ ಮೂಲೆಗೆ ಹೋಗುತ್ತದೆ. ಇದರಲ್ಲಿ ನೋಡುಗರು ಚಪ್ಪಾಳೆ ತಟ್ಟುವಂಥದ್ದು ಏನೂ ಇಲ್ಲ. ಎದುರಾಳಿ ಮಾತ್ರ ಮೂರು ಹೆಜ್ಜೆ ತಡವಾಗಿ ಹಿಂದಕ್ಕೆ ತಿರುಗುತ್ತಾನೆ.

ಈ ದೃಶ್ಯದಲ್ಲಿ ನಿಮಗೆ ದೊರೆತ ಸಮಯ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಿ. ಅದು ಹಿಂದಿನ ಎರಡು ಮೂರು ಹೊಡೆತಗಳಿಂದ ಬಂತು: ಚೆಂಡು ಹಿಂಗೋಡೆಯ ಬಳಿ ಸಾಯುವಂತೆ ಆಡಿದ ಉದ್ದನೆಯ ಡ್ರೈವ್‌ಗಳು ಅವನನ್ನು ಬೋಸ್ಟ್ ಆಡುವಂತೆ ಮಾಡಿದವು. ಸಮಯವನ್ನು ಗಳಿಸದೆ ಖರ್ಚು ಮಾಡಲಾಗದು. ನಾನು ಆಟ ಕಲಿಯುತ್ತಿದ್ದ ದಿನಗಳಲ್ಲಿ ಇದು ತಿಳಿಯದೆ, ಕೈಗೆ ಬಂದ ಪ್ರತಿ ಚೆಂಡನ್ನೂ ತಡೆಯುತ್ತಿದ್ದೆ. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ಹಿರಿಯರೊಬ್ಬರು ಒಮ್ಮೆ ನನ್ನೊಡನೆ ಆಡುತ್ತ, ಟಿಯ ಮೇಲೆ ಕಂಬದಂತೆ ನಿಂತು, ನನ್ನ ಹಾವಭಾವಗಳೆಲ್ಲ ಮುಗಿಯುವವರೆಗೆ ಕಾದು, ಚೆಂಡು ಗೋಡೆಗೆ ಬಡಿದ ಮೇಲಷ್ಟೇ ಹೊರಟು, ಮೂರು ಗೇಮ್‌ಗಳನ್ನೂ ಗೆದ್ದುಬಿಟ್ಟರು. ನನ್ನ ನೇರ ಡ್ರೈವ್‌ನಲ್ಲಿ ಅವರನ್ನು ಹೆದರಿಸುವಂಥದ್ದು ಏನೂ ಇರಲಿಲ್ಲವಾದ್ದರಿಂದ ಅವರಿಗೆ ಮುಂಚಿತವಾಗಿ ಹೊರಡುವ ಅಗತ್ಯವೇ ಬೀಳಲಿಲ್ಲ. ಮುಂಚಿತವಾಗಿ ಹೊರಡುವವನನ್ನು ಮಾತ್ರ ಮೋಸಗೊಳಿಸಬಹುದು. ಮುಂಚಿತವಾಗಿ ಹೊರಡುವಂತೆ ಅವನನ್ನು ಒತ್ತಾಯಿಸುವುದು ನಿಮ್ಮ ಸಾದಾ ಹೊಡೆತದ ವೇಗ ಮತ್ತು ನಿಖರತೆ. ಕೆನಡಾದ ಜೊನಾಥನ್ ಪವರ್ 1998ರಲ್ಲಿ ವಿಶ್ವ ಚಾಂಪಿಯನ್ ಆದಾಗ, ಮರುವರ್ಷ ಉತ್ತರ ಅಮೆರಿಕದಿಂದ ಮೊದಲ ಬಾರಿಗೆ ವಿಶ್ವದ ಒಂದನೇ ಕ್ರಮಾಂಕಕ್ಕೆ ಏರಿದಾಗ, ಜನ ನೆನಪಿಟ್ಟುಕೊಂಡದ್ದು ಅವರ ಕಣ್ಕಟ್ಟುಗಳನ್ನು. ಅವರ ಹಳೆಯ ಪಂದ್ಯಗಳ ದೃಶ್ಯಗಳನ್ನು ಕುಳಿತು ನೋಡಿದರೆ, ಎದುರಾಳಿಗೆ ಚಳ್ಳೆಹಣ್ಣು ತಿನ್ನಿಸಿದ ಪ್ರತಿ ಹೊಡೆತದ ಹಿಂದೆಯೂ ಗೋಡೆಗೆ ಒತ್ತಿದ ಬೇಸರ ತರಿಸುವಷ್ಟು ಸಾದಾ ಹೊಡೆತಗಳ ಸಾಲು ಕಾಣುತ್ತದೆ.

ಇಲ್ಲಿ ಎರಡು ಬೇರೆ ಬೇರೆ ಕೌಶಲಗಳನ್ನು ಪ್ರತ್ಯೇಕಿಸಬೇಕು. ಒಂದು, ಮರೆಮಾಚುವುದು: ಡ್ರಾಪ್, ಡ್ರೈವ್, ತಲೆಯ ಮೇಲಿಂದ ಹಾಯಿಸುವ ಲಾಬ್ ಎಲ್ಲಕ್ಕೂ ಸಿದ್ಧತೆ ಒಂದೇ ಆಗಿದ್ದು ಕೊನೆಯ ಗಳಿಗೆಯವರೆಗೆ ಏನೂ ತಿಳಿಯದಂತೆ ಇಡುವುದು. ಇನ್ನೊಂದು, ಹುಸಿ ತೋರಿಸುವುದು: ಒಂದು ಹೊಡೆತವನ್ನು ಬೇಕೆಂದೇ ಪ್ರದರ್ಶಿಸಿ ಇನ್ನೊಂದನ್ನು ಆಡುವುದು. ಮೊದಲನೆಯದಕ್ಕೆ ಹೆಚ್ಚಿನ ಖರ್ಚಿಲ್ಲ, ಪ್ರತಿ ಹೊಡೆತದಲ್ಲೂ ಬಳಸಬಹುದು, ತಪ್ಪುಗಳನ್ನು ಹೆಚ್ಚಿಸುವುದಿಲ್ಲ. ಎರಡನೆಯದು ದುಬಾರಿ, ಅಪರೂಪಕ್ಕೆ ಮಾತ್ರ ಒಪ್ಪುವಂಥದ್ದು. ನಿಮ್ಮ ಹಂತದಲ್ಲಿರುವ ಹೆಚ್ಚಿನವರು ಎರಡನೆಯದನ್ನು ಮೊದಲು ಕಲಿಯುತ್ತಾರೆ, ಏಕೆಂದರೆ ಅದು ಕಣ್ಣಿಗೆ ಚಂದ. ಈಜಿಪ್ಟಿನ ಎಡಗೈ ಆಟಗಾರ ಅಮ್ರ್ ಶಬಾನಾ 2003ರಿಂದ 2009ರೊಳಗೆ ನಾಲ್ಕು ಬಾರಿ ವಿಶ್ವ ಚಾಂಪಿಯನ್ ಆದರು. 2012ರಲ್ಲಿ ಒಂದನೇ ಕ್ರಮಾಂಕಕ್ಕೆ ಏರಿದ ಇಂಗ್ಲೆಂಡಿನ ಜೇಮ್ಸ್ ವಿಲ್‌ಸ್ಟ್ರಾಪ್ ಹೋಲ್ಡ್‌ಗೆ ಹೆಸರಾದವರು. ಇಬ್ಬರ ಆಟದಲ್ಲೂ ಎದ್ದು ಕಾಣುವುದು ನಿಶ್ಚಲತೆ: ರ‍್ಯಾಕೆಟ್ ಮೇಲೆ, ದೇಹ ಶಾಂತ. ಶಬಾನಾರಂತೆ ಈಜಿಪ್ಟಿನವರೇ ಆದ ರಾಮಿ ಅಶೂರ್ ಅವರದು ಬೇರೆಯ ದಾರಿ. 2008, 2012, 2014ರಲ್ಲಿ ವಿಶ್ವ ಚಾಂಪಿಯನ್ ಆದ ಅವರು ಚೆಂಡನ್ನು ಬಹಳ ಬೇಗ ತೆಗೆದುಕೊಂಡು, ಪುಟ್ಟದಾದ ಬೀಸಿನ ಕೊನೆಯಲ್ಲಿ ದಿಕ್ಕು ಬದಲಿಸುತ್ತಿದ್ದರು. ಅವರನ್ನು ನೋಡಿ ಆನಂದಿಸಿ, ಅನುಕರಿಸಲು ಹೋಗಬೇಡಿ ಎಂಬುದು ನನ್ನ ಸಲಹೆ.

ಮೇಲಿನ ಹಂತದವರು ನಿಮ್ಮನ್ನು ಓದಿಬಿಡುತ್ತಾರೆ ಎಂಬುದಕ್ಕೂ ಕಾರಣವಿದೆ. 1990ರಲ್ಲಿ ಸಂಶೋಧಕ ಬ್ರೂಸ್ ಅಬರ್ನೆಥಿ ಪ್ರಕಟಿಸಿದ ಸ್ಕ್ವಾಷ್ ಅಧ್ಯಯನದಲ್ಲಿ ಹೊಡೆತಗಳ ಚಿತ್ರೀಕರಣವನ್ನು ಚೆಂಡು ರ‍್ಯಾಕೆಟ್‌ಗೆ ತಾಗುವ ಮೊದಲೇ ಬೇರೆ ಬೇರೆ ಗಳಿಗೆಗಳಲ್ಲಿ ಕತ್ತರಿಸಿ ತೋರಿಸಿದಾಗ, ಚೆಂಡು ಎಲ್ಲಿಗೆ ಹೋಗಬಹುದೆಂದು ಪರಿಣತರು ಹೊಸಬರಿಗಿಂತ ಚೆನ್ನಾಗಿ ಊಹಿಸಿದರು. ಅಂದರೆ ಪರಿಣತ ಎದುರಾಳಿ ಚೆಂಡನ್ನು ಕಾಯುವುದಿಲ್ಲ, ನಿಮ್ಮ ತೋಳು ಮತ್ತು ರ‍್ಯಾಕೆಟ್ ಮೊದಲೇ ಕೊಡುವ ಸುಳಿವನ್ನು ಓದುತ್ತಾನೆ. ಸಾಮಾನ್ಯ ಆಟಗಾರರ ಅತಿ ದೊಡ್ಡ ಸುಳಿವು ಡ್ರಾಪ್‌ಗೆ ರ‍್ಯಾಕೆಟ್ ಅನ್ನು ಕಡಿಮೆ ಹಿಂದಕ್ಕೆಳೆಯುವುದು. ಡ್ರೈವ್‌ಗೆ ಭುಜದ ಮೇಲಕ್ಕೆ ಹೋಗುವ ರ‍್ಯಾಕೆಟ್ ಡ್ರಾಪ್‌ಗೆ ಸೊಂಟದ ಬಳಿಯೇ ನಿಂತುಬಿಡುತ್ತದೆ. ಹೊಡೆತಕ್ಕೆ ಮುಂಚೆ ಹಿಡಿತ ಬಿಗಿಯಾಗಿ ಮುಂದೋಳಿನ ಸ್ನಾಯು ಎದ್ದು ಕಾಣುವುದು ಇನ್ನೊಂದು. ತಡೆಯಲು ನಿರ್ಧರಿಸಿದಾಗ ಹೆಜ್ಜೆಯನ್ನು ನಾಟಕೀಯವಾಗಿ ಜೋರಾಗಿ ಊರುವುದು, ಡ್ರಾಪ್ ಆಡುವ ಜಾಗವನ್ನು ಒಮ್ಮೆ ಕಣ್ಣಿನಿಂದ ನೋಡಿಬಿಡುವುದು, ಇವೂ ಇವೆ. ನಿಮ್ಮ ಸುಳಿವು ಯಾವುದೆಂದು ತಿಳಿಯಲು ಟಿಯ ಹಿಂದೆ ಮನುಷ್ಯನ ಕಣ್ಣಿನ ಎತ್ತರಕ್ಕೆ ಫೋನ್ ಇಟ್ಟು ಮುಂದಿನ ಮೂಲೆಯಲ್ಲಿ ಇಪ್ಪತ್ತು ಹೊಡೆತ ಆಡಿ. ಆಮೇಲೆ ಒಬ್ಬ ಸ್ನೇಹಿತನಿಗೆ ಪ್ರತಿ ಹೊಡೆತದ ದೃಶ್ಯವನ್ನು ಚೆಂಡು ತಾಗುವ ಮುಂಚೆ ನಿಲ್ಲಿಸಿ ತೋರಿಸಿ, ಡ್ರಾಪೋ ಡ್ರೈವೋ ಎಂದು ಕೇಳಿ. ಅವನ ಉತ್ತರ ಹೆಚ್ಚುಕಡಿಮೆ ಅರ್ಧದಷ್ಟು ಬಾರಿ ಮಾತ್ರ ಸರಿಯಾದರೆ ನಿಮ್ಮ ಮರೆಮಾಚುವಿಕೆ ಚೆನ್ನಾಗಿದೆ. ಇಪ್ಪತ್ತಕ್ಕೆ ಹದಿನೆಂಟು ಸರಿಯಾದರೆ ಹೋಲ್ಡ್ ಅನ್ನು ಸದ್ಯಕ್ಕೆ ಬದಿಗಿಟ್ಟು, ಡ್ರಾಪ್‌ನ ಬೀಸನ್ನು ತಿದ್ದಿಕೊಳ್ಳಿ.

ಯಾವ ಹೊಡೆತಗಳನ್ನು ಜೋಡಿಸಬೇಕು ಎಂಬುದರಲ್ಲಿ ಒಂದು ಸಹಜವಾದ ಒಲವಿದೆ, ಅದನ್ನು ಬಳಸಿಕೊಂಡರೆ ಕೆಲಸ ಹಗುರಾಗುತ್ತದೆ. ಚೆಂಡು ದೇಹಕ್ಕಿಂತ ಮುಂದಿರುವಾಗ ಹೊಡೆದರೆ ಅದು ಸ್ವಾಭಾವಿಕವಾಗಿ ಕ್ರಾಸ್‌ಕೋರ್ಟ್‌ಗೆ ಹೋಗುತ್ತದೆ. ಮುಂದಿನ ಮೊಣಕಾಲಿನ ನೇರಕ್ಕೆ ಬರಲು ಬಿಟ್ಟು ಹೊಡೆದರೆ ನೇರವಾಗಿ ಹೋಗುತ್ತದೆ. ಆದ್ದರಿಂದ ಕ್ರಾಸ್‌ಕೋರ್ಟ್ ಹೊಡೆಯುವಂತೆ ನಿಂತು, ತಡೆದು, ನೇರವಾಗಿ ಹೊಡೆಯುವುದು ಅತ್ಯಂತ ಸುರಕ್ಷಿತವಾದ ಜೋಡಿ: ತಡೆದಷ್ಟೂ ಚೆಂಡು ತಾನಾಗಿಯೇ ನೇರ ಹೊಡೆತದ ಜಾಗಕ್ಕೆ ಬಂದು ಕೂರುತ್ತದೆ. ನೇರ ತೋರಿಸಿ ಕ್ರಾಸ್‌ಕೋರ್ಟ್‌ಗೆ ಚಿಮ್ಮಿಸುವುದು ಇದಕ್ಕೆ ತದ್ವಿರುದ್ಧ. ದೇಹದ ನೇರಕ್ಕೆ ಬಂದುಬಿಟ್ಟ ಚೆಂಡನ್ನು ಮುಂದೋಳು ಮತ್ತು ಮಣಿಕಟ್ಟಿನ ತಿರುವಿನಿಂದ ಎಳೆದು ತರಬೇಕಾದ್ದರಿಂದ, ಕೊಂಚ ತಪ್ಪಿದರೂ ಚೆಂಡು ಕೋರ್ಟಿನ ನಡುವೆ ಬೀಳುತ್ತದೆ. ನೀವು ಈ ಕಷ್ಟದ ಜೋಡಿಯನ್ನೇ ಮೊದಲು ಆರಿಸಿಕೊಂಡಿದ್ದೀರಿ. ಚಿಮ್ಮಿಸಲೇಬೇಕೆನಿಸಿದಾಗ ಚೆಂಡನ್ನು ಎತ್ತರಕ್ಕೆ ಕಳುಹಿಸಿ. ಮುಂಗೋಡೆಯ ಮೇಲಿನ ಸರ್ವಿಸ್ ಗೆರೆಗಿಂತ ಸಾಕಷ್ಟು ಮೇಲೆ ತಾಗಿ ನಿಂತವನ ತಲೆಯ ಮೇಲಿಂದ ಹಾದುಹೋಗುವ ಚೆಂಡಿಗೆ ವೇಗ ಇಲ್ಲದಿದ್ದರೂ ನಡೆಯುತ್ತದೆ. ಡ್ರಾಪ್ ತೋರಿಸಿ ಲಾಬ್ ಆಡುವುದು ನನ್ನ ಪ್ರಕಾರ ಸಾಮಾನ್ಯ ಆಟಗಾರರ ಕೈಯಲ್ಲಿರುವ ಅತ್ಯುತ್ತಮ ಕಣ್ಕಟ್ಟು, ಅತಿ ಕಡಿಮೆ ಬಳಕೆಯಾಗುವುದೂ ಅದೇ.

ಮುಂದಿನ ಮೂಲೆಯ ಹೊರಗೂ ಅವಕಾಶಗಳಿವೆ. ಕೋರ್ಟಿನ ಮಧ್ಯದಲ್ಲಿ, ಚೆಂಡು ನೆಲಕ್ಕೆ ತಾಗುವ ಮೊದಲೇ ವಾಲಿ ಹೊಡೆಯುವಂತೆ ರ‍್ಯಾಕೆಟ್ ಎತ್ತಿ, ಚೆಂಡನ್ನು ಹಾಗೆಯೇ ಹಿಂದಕ್ಕೆ ಹೋಗಲು ಬಿಟ್ಟು, ಹಿಂಗೋಡೆಯಿಂದ ಬಂದ ಮೇಲೆ ಆಡಬಹುದು. ಎದುರಾಳಿ ವಾಲಿಗೆಂದು ನೆಗೆದಿರುತ್ತಾನೆ, ಮತ್ತೊಮ್ಮೆ ನೆಗೆಯಬೇಕಾಗುತ್ತದೆ. ಆದರೆ ಚೆಂಡು ಹಿಂಗೋಡೆಯಿಂದ ಚೆನ್ನಾಗಿ ಹೊರಬರುವಷ್ಟು ಉದ್ದವಾಗಿದೆಯೆಂಬ ಖಾತರಿ ಇದ್ದಾಗ ಮಾತ್ರ ಇದನ್ನು ಮಾಡಿ. ಇಲ್ಲವಾದರೆ ಮೋಸ ಹೋದವರು ನೀವೇ. ಹಿಂಗೋಡೆಯಿಂದ ಮುಂದಕ್ಕೆ ಬರುತ್ತಿರುವ ಚೆಂಡಿನ ಜೊತೆಜೊತೆಗೇ ಒಂದು ಹೆಜ್ಜೆ ಸರಿದು ಹೊಡೆಯುವುದೂ ಒಂದು ಬಗೆಯ ಹೋಲ್ಡ್. ಟಿಯಿಂದ ಹೆಗಲ ಮೇಲಿಂದ ನೋಡುತ್ತಿರುವವನಿಗೆ ನೇರ ಡ್ರೈವೋ ಬೋಸ್ಟೋ ಎಂದು ತೀರ್ಮಾನಿಸುವುದು ಆಗ ಕಷ್ಟವಾಗುತ್ತದೆ. ಮುಂದಿನ ಮೂಲೆಯಲ್ಲಿ ನೇರ ಡ್ರಾಪ್ ತೋರಿಸಿ ಪಕ್ಕದ ಗೋಡೆಗೆ ಸೋಕಿಸುವ ಟ್ರಿಕಲ್ ಬೋಸ್ಟ್ ಬಗ್ಗೆ ಹೆಚ್ಚು ಹೇಳಲಾರೆ. ಎದುರಾಳಿ ಮೋಸ ಹೋಗದಿದ್ದರೆ ಚೆಂಡು ಕೋರ್ಟಿನ ನಡುವೆ ಅವನಿಗೆ ಕಾಣಿಕೆಯಾಗುತ್ತದೆ.

ಯಾರ ಮೇಲೆ, ಎಷ್ಟು ಬಾರಿ ಎಂಬ ಪ್ರಶ್ನೆಗೆ ಬರುತ್ತೇನೆ. ವೇಗವಾಗಿ ಓಡುವ, ಮುಂಚಿತವಾಗಿಯೇ ಹೊರಡುವ, ಎಲ್ಲ ಚೆಂಡನ್ನೂ ಎತ್ತಿ ಕೊಡುವ ಆಟಗಾರನ ಮೇಲೆ ಹೋಲ್ಡ್ ಚೆನ್ನಾಗಿ ನಡೆಯುತ್ತದೆ, ಏಕೆಂದರೆ ಅವನ ಬಂಡವಾಳವೇ ಅವನ ಹೊರಡುವಿಕೆ. ನನ್ನನ್ನು ಸೋಲಿಸಿದ ಹಿರಿಯರಂತೆ ಟಿಯಲ್ಲಿ ಕಾದು ನಿಲ್ಲುವವನ ಮೇಲೆ ತಡೆಯುವುದು ವ್ಯರ್ಥ. ಅವನ ಎದುರು ಚೆಂಡನ್ನು ಬೇಗ ತೆಗೆದುಕೊಳ್ಳುವುದು, ವಾಲಿ ಮಾಡುವುದು, ಅವನು ಕಾಯುವ ಸಮಯವನ್ನೇ ಕಸಿದುಕೊಳ್ಳುವುದು ಮೇಲು. ಬಹುತೇಕರು ಈ ಎರಡರ ನಡುವೆ ಇರುತ್ತಾರೆ. ಅಂಥವರ ಮೇಲೆ, ಮುಂದಿನ ಮೂಲೆಯಲ್ಲಿ ಸಮಯವಿದ್ದು ದೊರೆತ ಚೆಂಡುಗಳಲ್ಲಿ ನಾಲ್ಕನ್ನು ಬೇಗನೆ, ನೇರವಾಗಿ ಹೊಡೆದು ಐದನೆಯದನ್ನು ತಡೆಯಿರಿ ಎಂದು ನಾನು ಕಲಿಸುವವರಿಗೆ ಹೇಳುತ್ತೇನೆ. ಈ ಲೆಕ್ಕದಲ್ಲಿ ಶಾಸ್ತ್ರವೇನೂ ಇಲ್ಲ, ಕೈಯನ್ನು ಕಟ್ಟಿಹಾಕುವ ಒಂದು ಉಪಾಯ ಅಷ್ಟೇ. ಒಮ್ಮೆ ತಡೆದು ಯಶಸ್ವಿಯಾದ ಮೇಲೆ ಮುಂದಿನ ಬಾರಿ ನೀವು ರ‍್ಯಾಕೆಟ್ ಎತ್ತಿದರೆ ಸಾಕು, ಎದುರಾಳಿ ಅನುಮಾನದಿಂದ ನಿಲ್ಲುತ್ತಾನೆ. ಆಗ ತಡೆಯದೆ ಹೊಡೆದರೂ ಅವನು ತಡವಾಗಿಯೇ ಹೊರಡುತ್ತಾನೆ.

ಚೆಂಡಿನ ಗುಣವನ್ನೂ ಮರೆಯಬಾರದು. ಎರಡು ಹಳದಿ ಚುಕ್ಕೆಗಳ ಚೆಂಡು ಚೆನ್ನಾಗಿ ಬಿಸಿಯಾಗದಿದ್ದರೆ ಪುಟಿಯುವುದೇ ಇಲ್ಲ, ಆಗ ಮೇಲೆ ಹೇಳಿದ ತುದಿಯ ಲೆಕ್ಕಕ್ಕೆ ಅರ್ಥವೇ ಉಳಿಯುವುದಿಲ್ಲ. ತಣ್ಣನೆಯ ಕೋರ್ಟಿನಲ್ಲಿ, ಗೇಮ್‌ನ ಆರಂಭದಲ್ಲಿ ತಡೆಯಲು ಹೋಗಬೇಡಿ. ಅಭ್ಯಾಸದ ಮೊದಲ ವಾರಗಳಲ್ಲಿ ತುಸು ಹೆಚ್ಚು ಪುಟಿಯುವ ಒಂದೇ ಹಳದಿ ಚುಕ್ಕೆಯ ಚೆಂಡನ್ನು ಬಳಸುವುದರಲ್ಲಿ ಯಾವ ಅವಮಾನವೂ ಇಲ್ಲ.

ಅಭ್ಯಾಸಕ್ಕೆ ನಾನು ಹೆಚ್ಚು ನೆಚ್ಚಿಕೊಂಡಿರುವುದು ಒಂದೇ ಆಟ. ಜೊತೆಗಾರ ಹಿಂದಿನಿಂದ ಬೋಸ್ಟ್ ಆಡಿ ಟಿಗೆ ಬರಲಿ. ನೀವು ಮುಂದಿನ ಮೂಲೆಗೆ ಹೋಗಿ ರ‍್ಯಾಕೆಟ್ ಎತ್ತಿ ನಿಲ್ಲಿ. ಚೆಂಡು ನೆಲಕ್ಕೆ ಪುಟಿದ ಮೇಲೆ ಅವನು ನೇರ ಎಂದೋ ಅಡ್ಡ ಎಂದೋ ಕೂಗಲಿ, ನೀವು ಕೂಗಿದ್ದನ್ನೇ ಆಡಬೇಕು. ಮೊದಲ ದಿನ ನಿಮಗೆ ಸಮಯವೇ ಸಾಲದು ಎನಿಸುತ್ತದೆ. ಎರಡು ಮೂರು ವಾರಗಳಲ್ಲಿ ಪಾದಗಳು ಬೇಗ ಬರಲು, ಕೊನೆಯ ಹೆಜ್ಜೆ ಮೊದಲೇ ಊರಲು ಕಲಿಯುತ್ತವೆ, ಏಕೆಂದರೆ ಕೂಗು ಕೇಳಿದ ಮೇಲೆ ಹೆಜ್ಜೆ ಸರಿಪಡಿಸಿಕೊಳ್ಳುವುದಕ್ಕೆ ಸಾಧ್ಯವೇ ಇಲ್ಲ. ಜೊತೆಗಾರ ಕೂಗುವುದನ್ನು ತಡಮಾಡುತ್ತ ಹೋದಂತೆ ಹೋಲ್ಡ್ ತಾನಾಗಿ ರೂಪುಗೊಳ್ಳುತ್ತದೆ. ಅದನ್ನು ಬೇರೆಯಾಗಿ ಕಲಿಯಬೇಕಾಗಿಲ್ಲ. ಆಮೇಲೆ ಅದೇ ಆಟದಲ್ಲಿ ಕೂಗುವುದನ್ನು ಬಿಟ್ಟು, ಜೊತೆಗಾರನ ಹಿಮ್ಮಡಿ ನೆಲಕ್ಕೆ ತಾಗಿದ ಸದ್ದನ್ನು ಕೇಳಿ ಹೊಡೆಯಲು ಪ್ರಯತ್ನಿಸಿ. ಒಬ್ಬರೇ ಇದ್ದಾಗ ಚೆಂಡನ್ನು ಮುಂಗೋಡೆಗೆ ಮೃದುವಾಗಿ ಎಸೆದುಕೊಂಡು, ರ‍್ಯಾಕೆಟ್ ಎತ್ತಿ ನಿಂತು, ಚೆಂಡು ತುದಿ ಮುಟ್ಟುವುದನ್ನು ಕಣ್ಣಾರೆ ಕಂಡ ಮೇಲಷ್ಟೇ ನೇರವಾಗಿ ಹೊಡೆಯಿರಿ. ಅಣಿಯಾಗಿ ನಿಂತಾಗ ಮೈ ಓಲಾಡುತ್ತಿದ್ದರೆ ಚೆಂಡಿಗೆ ತೀರಾ ಹತ್ತಿರ ಹೋಗಿದ್ದೀರಿ ಅಥವಾ ತಡವಾಗಿ ಬಂದಿದ್ದೀರಿ ಎಂದೇ ಅರ್ಥ.

ಇದೇ ಅಸ್ತ್ರವನ್ನು ನಿಮ್ಮ ಮೇಲೆ ಯಾರಾದರೂ ಬಳಸಿದಾಗ ರ‍್ಯಾಕೆಟ್ ಬಿಟ್ಟು ಚೆಂಡನ್ನು ನೋಡಿ, ಟಿಯಿಂದ ಅರ್ಧ ಹೆಜ್ಜೆ ಹಿಂದೆ ನಿಲ್ಲಿ, ನೆಗೆತವನ್ನು ಸಣ್ಣದಾಗಿಸಿ ಎರಡು ಬಾರಿ ನೆಗೆಯಲು ಸಿದ್ಧರಾಗಿರಿ. ಅದಕ್ಕಿಂತ ಮುಖ್ಯವಾಗಿ, ಅವನಿಗೆ ಮುಂದಿನ ಮೂಲೆಯಲ್ಲಿ ಸಡಿಲವಾದ ಚೆಂಡನ್ನು ಕೊಡಬೇಡಿ.

ಕೊನೆಯದಾಗಿ ಆ ಸ್ಟ್ರೋಕ್. ಹೊಡೆತ ಮುಗಿಸಿದ ಆಟಗಾರ ಎದುರಾಳಿಗೆ ಚೆಂಡಿನ ನ್ಯಾಯವಾದ ನೋಟ, ಚೆಂಡಿನತ್ತ ನೇರ ದಾರಿ, ಸಮಂಜಸವಾಗಿ ಬೀಸಲು ಜಾಗ, ಮುಂಗೋಡೆಯ ಯಾವ ಭಾಗಕ್ಕಾದರೂ ನೇರವಾಗಿ ಹೊಡೆಯುವ ಸ್ವಾತಂತ್ರ್ಯ ಇವನ್ನು ಒದಗಿಸಲು ಸಾಧ್ಯವಾದ ಎಲ್ಲ ಪ್ರಯತ್ನವನ್ನೂ ಮಾಡಬೇಕು ಎಂಬುದು ನಿಯಮ. ತಡೆದು ಡ್ರಾಪ್ ಆಡುವವರ ಸಮಸ್ಯೆ ಏನೆಂದರೆ, ಅವರು ನಿಶ್ಚಲವಾಗಿ ನಿಂತು ಹೊಡೆಯುವುದರಿಂದ ಹೊಡೆದ ಮೇಲೂ ಅಲ್ಲಿಯೇ ನಿಂತು ತಮ್ಮ ಕೈಚಳಕವನ್ನು ನೋಡುತ್ತಿರುತ್ತಾರೆ, ಅವರ ದೇಹವೇ ಟಿಗೂ ಚೆಂಡಿಗೂ ನಡುವೆ ಗೋಡೆಯಾಗುತ್ತದೆ. ಎದುರಾಳಿ ಚೆಂಡನ್ನು ತಲುಪಿ ಹಿಂದಿರುಗಿಸಬಲ್ಲವನಾಗಿದ್ದು, ನೀವು ಜಾಗ ಬಿಡಲು ಪ್ರಯತ್ನಿಸದಿದ್ದರೆ ಸ್ಟ್ರೋಕ್ ಸರಿಯಾದ ತೀರ್ಪು. ಪ್ರಯತ್ನಿಸಿಯೂ ಅಡ್ಡವಾಗಿದ್ದರೆ ಲೆಟ್, ಅಂದರೆ ಆ ಅಂಕವನ್ನು ಮತ್ತೆ ಆಡುವ ಅವಕಾಶ, ಸಿಗಬೇಕಿತ್ತು. ಆದರೆ ಅವನು ಅಂಕ ಗೆಲ್ಲುವ ಹೊಡೆತವನ್ನೇ ಆಡುತ್ತಿದ್ದ ಎಂದು ರೆಫರಿಗೆ ತೋರಿದ್ದರೆ ಆಗಲೂ ಸ್ಟ್ರೋಕ್ ಆಗುತ್ತದೆ. ನಿಮ್ಮ ಹೋಲ್ಡ್‌ನಿಂದ ಅವನು ಕಾಲು ಕಿತ್ತಿಡಲಾಗದೆ ನಿಂತು ಚೆಂಡನ್ನು ತಲುಪುವ ಸಾಧ್ಯತೆಯೇ ಇರಲಿಲ್ಲವಾದರೆ ಲೆಟ್ ಕೂಡ ಸಲ್ಲದು. ಮೊದಲು ತಪ್ಪು ದಿಕ್ಕಿಗೆ ವಾಲಿದ ಮಾತ್ರಕ್ಕೆ ಅವನ ಹಕ್ಕು ಕಳೆದುಹೋಗುವುದಿಲ್ಲ ಎಂಬುದನ್ನು ಮಾತ್ರ ಗಮನಿಸಿ: ಹಾಗೆ ವಾಲಿದವನು ಚೇತರಿಸಿಕೊಂಡು ಚೆಂಡನ್ನು ಹಿಂದಿರುಗಿಸುವ ಸಾಮರ್ಥ್ಯ ತೋರಿದ್ದಾಗ ಅಡಚಣೆಯಾದರೆ ನಿಯಮ ಅವನಿಗೆ ಲೆಟ್ ಕೊಡುತ್ತದೆ. ನೀವು ಬರೆದಿರುವಂತೆ ಅವನು ನಿಮ್ಮ ಬೆನ್ನಿನವರೆಗೂ ಬಂದು ತಲುಪಿದ್ದ. ಹೊಡೆದ ಮರುಕ್ಷಣವೇ ಹಿಂದಕ್ಕೂ ಕೋರ್ಟಿನ ನಡುಭಾಗದ ಕಡೆಗೂ ಅರೆವೃತ್ತದಂತೆ ಸರಿದಿದ್ದೀರಾ ಎಂಬುದನ್ನು ನೀವೇ ನೆನಪಿಸಿಕೊಳ್ಳಬೇಕು. ಸರಿದಿರಲಿಲ್ಲವಾದರೆ ರೆಫರಿ ನಿಮಗೆ ಅನ್ಯಾಯ ಮಾಡಿಲ್ಲ.